ಡುಬ್ರೋವ್ನಿಕ್ ಪ್ರಕರಣ: ಹಡಗು ಹಿಡಿತಕ್ಕೆ ಬಂತು, ಮನೆಗಳು ಬರಲಿಲ್ಲ

ಮೊದಲು ಅಳತೆ ನೋಡಿಬಿಡೋಣ, ಮಿಕ್ಕ ಮಾತು ಆಮೇಲೆ. ಕ್ರೊಯೇಷಿಯಾದ ದಕ್ಷಿಣದ ತುದಿಯಲ್ಲಿ, ಏಡ್ರಿಯಾಟಿಕ್ ಸಮುದ್ರಕ್ಕೆ ಮುಖ ಮಾಡಿ ಕೂತಿರುವ ಡುಬ್ರೋವ್ನಿಕ್‌ನ ಹಳೇ ಊರಿನ ಸುತ್ತ ಒಂದು ಕೋಟೆ ಗೋಡೆ ಇದೆ. ಅದರ ಉದ್ದ 1,940 ಮೀಟರ್. ಅಂದರೆ ಇಡೀ ಊರಿಗೆ ಒಂದು ಸುತ್ತು ಬಂದರೂ ಎರಡು ಕಿಲೋಮೀಟರ್ ಆಗುವುದಿಲ್ಲ. ಒಳಗಿನ ದೊಡ್ಡ ಬೀದಿ ಸ್ಟ್ರಾಡೂನ್, ಸುಮಾರು 300 ಮೀಟರ್. ಈ ತುದಿಯಲ್ಲಿ ನಿಂತರೆ ಆ ತುದಿಯ ಗಡಿಯಾರದ ಗೋಪುರ ಕಾಣುತ್ತದೆ. ಇಷ್ಟೇ ಊರು.

ಇನ್ನು ಒಂದು ಕ್ರೂಸ್ ಹಡಗಿನಲ್ಲಿ ಮೂರು ಸಾವಿರ ಜನ ಅಂತಿಟ್ಟುಕೊಳ್ಳಿ. ಕೆಲವದರಲ್ಲಿ ಇನ್ನೂ ಜಾಸ್ತಿಯೇ ಇರುತ್ತಾರೆ. ಹಡಗು ನಿಲ್ಲುವುದು ಹಳೇ ಊರಿನಲ್ಲಲ್ಲ, ಎರಡು ಮೂರು ಕಿಲೋಮೀಟರ್ ಆಚೆ, ಗ್ರೂಜ್ ಬಂದರಿನಲ್ಲಿ. ಬೆಳಗಿನ ತಿಂಡಿಯನ್ನು ಹಡಗಲ್ಲೇ ಮುಗಿಸಿ, ಬಸ್ಸು ಹತ್ತಿ, ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪಶ್ಚಿಮದ ಪಿಲೆ ಬಾಗಿಲಿಗೆ ಬಂದಿಳಿಯುತ್ತಾರೆ. 2017ರ ಹಿಂದಿನ ಬೇಸಿಗೆಗಳಲ್ಲಿ ಇಂಥ ಐದಾರು ಹಡಗು ಒಂದೇ ದಿನ ಬಂದು ನಿಂತದ್ದುಂಟು. ಆ ಬಾಗಿಲ ಮುಂದೆ ಒಂದು ಕಲ್ಲಿನ ಸೇತುವೆ. ಒಳಗೆ ಹೋಗುವವರದ್ದೊಂದು ಸಾಲು, ಹೊರಗೆ ಬರುವವರದ್ದೊಂದು ಸಾಲು, ಗೈಡುಗಳ ಕೈಯಲ್ಲಿ ಎತ್ತಿ ಹಿಡಿದ ನಂಬರಿನ ಹಲಗೆ. ಇವೆರಡರ ನಡುವೆ ದಾರಿ ಮಾಡಿಕೊಂಡು ಮನೆಗೆ ಹೋಗಬೇಕಾದವರು ಊರಿನವರು.

ಕಡಲ ತೀರದ ಹಳೇ ಊರುಗಳ ಗೋಳು ಹೇಳುವಾಗ ಎಲ್ಲರೂ ವೆನಿಸ್ ಹೆಸರೆತ್ತುತ್ತಾರೆ. ನನಗೆ ಡುಬ್ರೋವ್ನಿಕ್ ಜಾಸ್ತಿ ಕಲಿಸುವ ಊರು ಅನಿಸುತ್ತದೆ, ಯಾಕೆಂದರೆ ಇಲ್ಲಿ ಅರ್ಧ ಕೆಲಸ ನಿಜಕ್ಕೂ ಆಗಿದೆ. ಜನಜಂಗುಳಿಯನ್ನು ಸಾಕಷ್ಟು ಹಿಡಿತಕ್ಕೆ ತಂದರು. ಅದೇ ಹೊತ್ತಿಗೆ ಗೋಡೆಯೊಳಗೆ ವಾಸ ಮಾಡುವವರು ಖಾಲಿಯಾಗುತ್ತಲೇ ಹೋದರು. ಒಂದು ಯಾಕೆ ಕೈಗೆ ಬಂತು, ಇನ್ನೊಂದು ಯಾಕೆ ಜಾರಿತು ಅಂತ ನೋಡುವುದೇ ಈ ಬರಹದ ಕೆಲಸ.

ಅಂಗಡಿ ಇಟ್ಟು ಬದುಕಿದ ಊರು

ಡುಬ್ರೋವ್ನಿಕ್ ಸುಮ್ನೆ ನೋಡಲು ಕಟ್ಟಿದ ಊರಲ್ಲ. ರಗೂಸಾ ಅನ್ನುವ ಹೆಸರಿನಲ್ಲಿ 1358ರಿಂದ 1808ರವರೆಗೆ ತನ್ನದೇ ಗಣರಾಜ್ಯ ನಡೆಸಿಕೊಂಡು, ವೆನಿಸ್‌ಗೂ ಆಟೊಮನ್ ತುರ್ಕರಿಗೂ ನಡುವೆ ಜಾಣತನದಿಂದ ವ್ಯಾಪಾರ ಮಾಡಿಕೊಂಡು ಬದುಕಿದ ಊರು ಅದು. ಕೊನೆಗೆ ನೆಪೋಲಿಯನ್‌ನ ಸೈನ್ಯ ಬಂದು ಆ ಗಣರಾಜ್ಯಕ್ಕೆ ಮಂಗಳ ಹಾಡಿತು. 1438ರ ಹೊತ್ತಿಗೆ ದೂರದ ಬುಗ್ಗೆಯಿಂದ ಹತ್ತು ಕಿಲೋಮೀಟರಿಗೂ ಜಾಸ್ತಿ ದೂರ ಕಾಲುವೆ ಮಾಡಿ ನೀರು ತಂದಿದ್ದರು. ಆ ನೀರು ಬಂದು ಬೀಳುವ ಒನೊಫ್ರಿಯೊ ಕಾರಂಜಿ ಪಿಲೆ ಬಾಗಿಲು ದಾಟಿದ ಕೂಡಲೇ ಇದೆ. ಇವತ್ತಿಗೂ ಪ್ರವಾಸಿಗರು ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ.

1667ರ ಏಪ್ರಿಲ್ 6ರಂದು ಭೂಕಂಪ ಬಂದು ಊರಿನ ಬಹುಪಾಲು ನೆಲಕ್ಕುರುಳಿತು, ಸಾವಿರಾರು ಜನ ಸತ್ತರು. ಈಗ ನಾವು ಫೋಟೋಗಳಲ್ಲಿ ನೋಡುವ ಸ್ಟ್ರಾಡೂನ್ ಅದರ ನಂತರ ಕಟ್ಟಿದ್ದು. ಮನೆಗಳೆಲ್ಲ ಒಂದೇ ಎತ್ತರ, ಒಂದೇ ಮಾದರಿ, ಕೆಳಗೆ ಅಂಗಡಿ, ಮೇಲೆ ವಾಸ. ಬೆಂಕಿಯ ಭಯಕ್ಕೆ ಅಡುಗೆಮನೆ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಈ ಅಂಗಡಿಗಳ ಬಾಗಿಲು ನೋಡಿದರೆ ಒಂದು ತಮಾಷೆ ಇದೆ. ಬಾಗಿಲೂ ಕಿಟಕಿಯೂ ಒಂದೇ ಕಮಾನಿನ ಕೆಳಗೆ ಅಂಟಿಕೊಂಡಿವೆ. ಕಿಟಕಿಯ ಕಡೆ ಮೊಣಕಾಲಿಗಿಂತ ಸ್ವಲ್ಪ ಎತ್ತರದ ಕಲ್ಲಿನ ಕಟ್ಟೆ. ಗಿರಾಕಿ ಬೀದಿಯಲ್ಲೇ ನಿಲ್ಲುತ್ತಾನೆ, ಅಂಗಡಿಯವನು ಒಳಗಿಂದಲೇ ಕಟ್ಟೆ ಮೇಲೆ ಸಾಮಾನು ಇಡುತ್ತಾನೆ. ಅಲ್ಲಿನವರು ಇದನ್ನು 'ನಾ ಕೊಲ್ಯೆನೊ' ಅನ್ನುತ್ತಾರೆ, ಅಂದರೆ ಮೊಣಕಾಲಿನ ಮೇಲೆ. ಬಟ್ಟೆ, ಎಣ್ಣೆ, ಉಪ್ಪು ಕೈಬದಲಾಗಿದ್ದ ಆ ಕಟ್ಟೆಗಳ ಮೇಲೆ ಈಗ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್‌ಗಳಿವೆ. ಕಲ್ಲಿಗೆ ಏನೂ ಆಗಿಲ್ಲ, ನೆಟ್ಟಗೇ ಇದೆ. ಸಂರಕ್ಷಣೆಯ ಕಾಯಿದೆ ಓದಿದರೆ ಇಲ್ಲಿ ತಪ್ಪೇ ಕಾಣಿಸುವುದಿಲ್ಲ. ಈ ಪ್ರಕರಣದ ತೊಡಕು ಅಲ್ಲೇ ಶುರುವಾಗುತ್ತದೆ.

ಯುನೆಸ್ಕೊ ಪಟ್ಟಿಗೆ ಊರು ಸೇರಿದ್ದು 1979ರಲ್ಲಿ. ಅದೇ ವರ್ಷ ಇನ್ನೊಂದು ಭೂಕಂಪ ಆಗಿ, ಹಳೇ ಕಟ್ಟಡಗಳನ್ನು ದುರಸ್ತಿ ಮಾಡಲಿಕ್ಕೇ ಅಂತ ಒಂದು ಸಂಸ್ಥೆ ಹುಟ್ಟಿತು. ಆಮೇಲೆ 1991ರ ಯುದ್ಧ. ಯುಗೊಸ್ಲಾವಿಯಾ ಒಡೆದು ಹೋಗುವ ಹೊತ್ತಿನಲ್ಲಿ, ಅಕ್ಟೋಬರ್ 1ರಿಂದ ಊರಿಗೆ ಯುಗೊಸ್ಲಾವ್ ಸೇನೆಯ ಮುತ್ತಿಗೆ ಬಿತ್ತು. ಡಿಸೆಂಬರ್ 6ರಂದು ಎಲ್ಲಕ್ಕಿಂತ ಭಾರೀ ಶೆಲ್ ದಾಳಿ. ಹಳೇ ಊರಿನ 824 ಕಟ್ಟಡಗಳಲ್ಲಿ 563ಕ್ಕೆ ಪೆಟ್ಟಾಯಿತು. ಆ ವರ್ಷವೇ ಯುನೆಸ್ಕೊ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, ತೆಗೆದದ್ದು 1998ರಲ್ಲಿ. ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ಹೇಗ್‌ನಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಈ ದಾಳಿಗಾಗಿ ಆ ಸೇನೆಯ ಅಧಿಕಾರಿಗಳಿಗೆ ಶಿಕ್ಷೆ ಕೊಟ್ಟಿತು. ಶಿಕ್ಷೆ ಕೊಟ್ಟ ಅಪರಾಧಗಳಲ್ಲಿ ಪಾರಂಪರಿಕ ಕಟ್ಟಡಗಳ ನಾಶವೂ ಒಂದು.

ಇವತ್ತು ಕೋಟೆ ಗೋಡೆ ಮೇಲಿಂದ ಕೆಳಗೆ ನೋಡಿದರೆ ಮನೆಗಳ ಹೆಂಚು ಎರಡು ಬಣ್ಣದಲ್ಲಿ ಕಾಣುತ್ತದೆ. ಬಿಸಿಲಿಗೆ ಬಣ್ಣ ಹೋಗಿ ಮಾಸಲು ಹಳದಿಗೆ ತಿರುಗಿದ್ದು ಹಳೇ ಹೆಂಚು, ಕಣ್ಣಿಗೆ ರಾಚುವ ಕೆಂಪು ಯುದ್ಧದ ನಂತರ ಹೊದಿಸಿದ್ದು. ಮಾಸಲು ಬಣ್ಣದ ಮಾಡು ಎಷ್ಟು ಕಡಿಮೆ ಅಂತ ಗೊತ್ತಾದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಗೋಡೆಗೆ ಅನ್ನ ಹಾಕಿದ್ದು ಯಾರು

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. 'ಪ್ರವಾಸೋದ್ಯಮ ಪರಂಪರೆಯನ್ನು ಹಾಳು ಮಾಡಿತು' ಅನ್ನುವ ಮಾತು ಡುಬ್ರೋವ್ನಿಕ್‌ನ ಮಟ್ಟಿಗೆ ಅರ್ಧ ಸುಳ್ಳು. ಆ ಗೋಡೆಗಳನ್ನು ನೋಡಿಕೊಳ್ಳುವುದು 1952ರಲ್ಲಿ ಶುರುವಾದ ಊರಿನವರದೇ ಒಂದು ಸಂಘ, ಡುಬ್ರೋವ್ನಿಕ್ ಪುರಾತನ ವಸ್ತುಗಳ ಗೆಳೆಯರ ಸಂಘ ಅನ್ನಬಹುದು. ಗೋಡೆ ಮೇಲೆ ನಡೆಯಲು ಟಿಕೆಟ್ ಇದೆ. ಕ್ರೊಯೇಷಿಯಾ ಯೂರೊಗೆ ಬದಲಾದ 2023ರಲ್ಲಿ ಆ ಟಿಕೆಟ್ 35 ಯೂರೊ ಇತ್ತು, ಕಮ್ಮಿ ದುಡ್ಡೇನಲ್ಲ. ಕೊರೊನಾಕ್ಕೆ ಮುಂಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಹತ್ತಿದ್ದಾರೆ. ಆ ಹಣದಲ್ಲೇ ಗೋಡೆ, ಬುರುಜು, ಕೋಟೆಗಳ ಕೆಲಸ ನಡೆಯುತ್ತದೆ. ಸರ್ಕಾರದ ಅನುದಾನಕ್ಕೆ ಕೈ ಚಾಚಿ ಕೂತಿರುವ ಎಷ್ಟೋ ಕೋಟೆಗಳ ಸ್ಥಿತಿ ನೆನೆಸಿಕೊಂಡರೆ, ಇದು ಹೊಟ್ಟೆಕಿಚ್ಚು ಪಡುವಂಥ ಏರ್ಪಾಡು.

ಕಲ್ಲಿಗೆ ಪ್ರವಾಸಿಗರಿಂದ ತೊಂದರೆಯೇ ಇಲ್ಲ ಅಂತಲ್ಲ. ಸ್ಟ್ರಾಡೂನ್‌ನ ಸುಣ್ಣದ ಕಲ್ಲಿನ ಹಾಸು ಕಾಲಿಗೆ ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ, ಮಳೆ ಬಂದ ದಿನ ಜಾರಿ ಬೀಳುವುದು ಸುಲಭ. ಪಿಲೆ ಬಾಗಿಲ ಹತ್ತಿರ, ಫ್ರಾನ್ಸಿಸ್ಕನ್ ಮಠದ ಗೋಡೆಯ ಬುಡದಲ್ಲಿ ಚಾಚಿಕೊಂಡಿರುವ ಒಂದು ಕಲ್ಲಿನ ಮುಖ ಇದೆ. ಗೋಡೆಗೆ ಮುಖ ಮಾಡಿ ಅದರ ಮೇಲೆ ಹತ್ತಿ, ಬೀಳದೆ ನಿಂತು, ಅಂಗಿ ಬಿಚ್ಚಿದರೆ ಪ್ರೀತಿಯಲ್ಲಿ ಅದೃಷ್ಟ ಖುಲಾಯಿಸುತ್ತದೆ ಅಂತ ಒಂದು ಕಥೆ. ಕಲ್ಲಿನ ತಲೆ ಸಾವಿರಾರು ಬೂಟುಗಳ ಕೆಳಗೆ ನುಣುಪಾಗಿ ಹೊಳೆಯುತ್ತದೆ. ಹಿಂದೆ ಊರಿನ ಹುಡುಗರು ಆಡುತ್ತಿದ್ದ ಆಟ ಅದು, ಈಗ ಅದಕ್ಕೂ ಕ್ಯೂ. ಆದರೂ ಕಲ್ಲು ಸವೆಯುವುದು ನಿಧಾನಕ್ಕೆ, ಕಲ್ಲಿಗೆ ಔಷಧಿ ಮಾಡುವವರು ಇದ್ದಾರೆ, ದುಡ್ಡೂ ಇದೆ.

ಗುಂಪು ಹೇಗೆ ಬೆಳೆಯಿತು

ಯುದ್ಧ ಮುಗಿದ ಮೇಲೆ ಊರಿಗೆ ಬೇರೆ ದಾರಿಯೂ ಇರಲಿಲ್ಲ. ಹೊಟ್ಟೆಪಾಡು ಅಂದರೆ ಪ್ರವಾಸಿಗರು, ಅಷ್ಟೇ. ಬಂದರು ದೊಡ್ಡದಾಯಿತು, ಹಡಗು ಕಂಪನಿಗಳು ಬಂದವು, 2013ರಲ್ಲಿ ಕ್ರೂಸ್ ಪ್ರಯಾಣಿಕರ ಸಂಖ್ಯೆಯೇ ಹತ್ತು ಲಕ್ಷ ದಾಟಿತು. ಇದರ ಮೇಲೆ ಗೇಮ್ ಆಫ್ ಥ್ರೋನ್ಸ್ ಧಾರಾವಾಹಿ. ಎರಡನೇ ಸೀಸನ್‌ನಿಂದ ಇಲ್ಲೇ ಶೂಟಿಂಗ್ ನಡೆಯಿತು. ಲೊವ್ರಿಯೆನಾಟ್ಸ್ ಕೋಟೆಯೂ ಜೆಸ್ಯೂಟ್ ಮೆಟ್ಟಿಲೂ ತೆರೆಯ ಮೇಲೆ ಬಂದದ್ದೇ ತಡ, ಊರಿನ ನಿಜವಾದ ಇತಿಹಾಸದ ಜಾಗದಲ್ಲಿ ಕಟ್ಟುಕಥೆಯ ಇತಿಹಾಸ ಕೂತಿತು. 18ನೇ ಶತಮಾನದ ಆ ಮೆಟ್ಟಿಲ ಮೇಲೆ ನಿಂತು, ಧಾರಾವಾಹಿಯ ಒಂದು ದೃಶ್ಯದಲ್ಲಿದ್ದ ಹಾಗೆ 'ಶೇಮ್, ಶೇಮ್' ಅಂತ ಕೂಗುವುದು ಒಂದು ಚಾಳಿಯಾಯಿತು. ಅದೇ ಮೆಟ್ಟಿಲ ಪಕ್ಕ ಜನ ವಾಸವಾಗಿದ್ದಾರೆ. ಒಂದು ದಿನಕ್ಕಾದರೆ ತಮಾಷೆ, ಬೇಸಿಗೆಯ ಪ್ರತಿ ದಿನ ಕೇಳಬೇಕಾದವರಿಗೆ ಹೇಗಿರಬೇಕು ಹೇಳಿ.

2015ರಲ್ಲಿ ಯುನೆಸ್ಕೊ ಕಳಿಸಿದ ತಂಡ ಬಂದು ಎಲ್ಲ ನೋಡಿ, ಹಳೇ ಊರಿನೊಳಗೆ ಒಂದೇ ಹೊತ್ತಿಗೆ 8,000 ಜನಕ್ಕಿಂತ ಜಾಸ್ತಿ ಇರಬಾರದು ಅಂತ ಸಲಹೆ ಕೊಟ್ಟಿತು. ಈ ಅಂಕಿಯನ್ನು ಸುದ್ದಿಗಳಲ್ಲಿ 'ದಿನಕ್ಕೆ 8,000' ಅಂತ ತಪ್ಪಾಗಿ ಬರೆದದ್ದೂ ಉಂಟು, ಅದು ದೊಡ್ಡ ಎಡವಟ್ಟು. ದಿನಕ್ಕೆ 8,000 ಅಂದರೆ ಜನರನ್ನು ವಾಪಸ್ ಕಳಿಸಬೇಕು. ಒಂದೇ ಹೊತ್ತಿಗೆ 8,000 ಅಂದರೆ ಬರುವವರನ್ನು ಹಂಚಿ ಕೂರಿಸಬೇಕು, ಅಷ್ಟೇ. ಮೊದಲನೆಯದು ಜಗಳ, ಎರಡನೆಯದು ಟೈಮ್ ಟೇಬಲ್. ಮುಂದೆ ಡುಬ್ರೋವ್ನಿಕ್ ಮಾಡಿದ್ದರಲ್ಲಿ ಯಶಸ್ಸು ಕಂಡದ್ದೆಲ್ಲ ಈ ಟೈಮ್ ಟೇಬಲ್ ಕೆಲಸವೇ.

ಹಡಗಿನ ಕೆಲಸ

2017ರಲ್ಲಿ ಮಾಟೊ ಫ್ರಾಂಕೋವಿಚ್ ಮೇಯರ್ ಆದರು. ಯುನೆಸ್ಕೊ ಹೇಳಿದ್ದು 8,000, ನಾವು ಅದರ ಅರ್ಧಕ್ಕೆ, 4,000ಕ್ಕೆ ಇಳಿಸುತ್ತೇವೆ ಅಂದರು. 'ರೆಸ್ಪೆಕ್ಟ್ ದಿ ಸಿಟಿ' ಅನ್ನುವ ಹೆಸರಿನಲ್ಲಿ ಒಂದು ಯೋಜನೆ ಶುರುವಾಯಿತು. ಆ ವರ್ಷವೇ ಊರಿನ ಬಾಗಿಲುಗಳಲ್ಲಿ ತಲೆ ಎಣಿಸುವ ಕ್ಯಾಮೆರಾ ಬಂದವು. ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು, ಈಗ ಒಳಗಿರುವವರೆಷ್ಟು ಅಂತ ಲೆಕ್ಕ ಹಾಕಿ, ಮುಂದಿನ ದಿನಗಳಲ್ಲಿ ಯಾವಾಗ ಜನ ಜಾಸ್ತಿ ಅಂತ ಅಂದಾಜು ಮಾಡಿ ಎಲ್ಲರಿಗೂ ಕಾಣುವಂತೆ ಇಟ್ಟರು.

ಗಮನಿಸಿ, ಈ ಕ್ಯಾಮೆರಾ ಯಾರನ್ನೂ ತಡೆಯುವುದಿಲ್ಲ. ಗೇಟು ಮುಚ್ಚುವುದಿಲ್ಲ. ವೆನಿಸ್ 2024ರಲ್ಲಿ ಕೆಲವು ದಿನಗಳಿಗೆ, ರಾತ್ರಿ ಉಳಿಯದೆ ಬಂದು ಹೋಗುವವರಿಗೆ 5 ಯೂರೊ ಪ್ರವೇಶ ಶುಲ್ಕ ಹಾಕಿತಲ್ಲ, ಡುಬ್ರೋವ್ನಿಕ್ ಆ ದಾರಿ ಹಿಡಿಯಲಿಲ್ಲ. ಒಳ್ಳೆಯದೇ ಮಾಡಿದರು ಅಂತ ನನ್ನ ಅಭಿಪ್ರಾಯ. ಊರ ಬಾಗಿಲಲ್ಲಿ ಟಿಕೆಟ್ ಹರಿದ ದಿನ ಒಳಗಿರುವವರು ಪ್ರದರ್ಶನದ ವಸ್ತುಗಳಾಗುತ್ತಾರೆ. ಟಿಕೆಟ್ ಕೊಟ್ಟವನು 'ದುಡ್ಡು ಕೊಟ್ಟಿದ್ದೀನಿ, ತೋರಿಸಿ' ಅನ್ನುವ ಹಕ್ಕಿನಿಂದಲೇ ಒಳಗೆ ಬರುತ್ತಾನೆ.

ಕ್ಯಾಮೆರಾದ ನಿಜವಾದ ಉಪಯೋಗ ಮಾತುಕತೆಯ ಮೇಜಿನ ಮೇಲೆ ಆಯಿತು. ಯಾವ ದಿನ, ಯಾವ ಗಂಟೆಗೆ ಗುಂಪು ಕಟ್ಟುತ್ತದೆ ಅಂತ ಅಂಕಿ ಸಮೇತ ತೋರಿಸಿದರೆ ಹಡಗು ಕಂಪನಿಯವರು ಸುಮ್ಮನೆ ತಲೆ ಅಲ್ಲಾಡಿಸಿ ಎದ್ದು ಹೋಗಲು ಆಗುವುದಿಲ್ಲ. 2019ರಲ್ಲಿ ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘದ ಜತೆ ನಗರಸಭೆ ಒಪ್ಪಂದಕ್ಕೆ ಸಹಿ ಹಾಕಿತು. ಒಂದು ಹೊತ್ತಿಗೆ ಎರಡೇ ಹಡಗು, ಎರಡರಲ್ಲೂ ಸೇರಿ ಸುಮಾರು 4,000 ಪ್ರಯಾಣಿಕರು, ಇದು ಗುರಿ. ಬರುವ ಹೊತ್ತನ್ನೂ ಬೇರೆ ಬೇರೆ ಮಾಡಿದರು. ಬಂದ ಹಡಗು ಬೇಗ ಓಡಬಾರದು, ಜಾಸ್ತಿ ಹೊತ್ತು ನಿಲ್ಲಬೇಕು ಅಂತಲೂ ಒತ್ತಾಯ ಮಾಡುತ್ತಾ ಬಂದರು. ಇದರ ಹಿಂದಿನ ಲೆಕ್ಕ ಸರಳ. ಮೂರು ಗಂಟೆ ಇರುವವನು ಸ್ಟ್ರಾಡೂನ್‌ನಲ್ಲಿ ಒಂದು ಐಸ್‌ಕ್ರೀಮ್ ತಿಂದು, ಫೋಟೋ ತೆಗೆದು, ಊಟಕ್ಕೆ ಹಡಗಿಗೆ ವಾಪಸ್. ಎಂಟು ಗಂಟೆ ಇರುವವನಿಗೆ ಹಸಿವಾಗುತ್ತದೆ, ಕೂರಬೇಕು ಅನಿಸುತ್ತದೆ, ಮ್ಯೂಸಿಯಂ ನೋಡೋಣ ಅನಿಸುತ್ತದೆ, ಪಕ್ಕದ ಊರು ತ್ಸಾವ್ಟಾಟ್ ಕಡೆಗೋ ದ್ವೀಪಗಳ ಕಡೆಗೋ ಹೊರಟರೆ ಹಳೇ ಊರೂ ಉಸಿರಾಡುತ್ತದೆ.

ಈ ಊರಿಗೆ ಬಂದ ಹಡಗನ್ನು ಕಾಯಿಸುವುದು ಹೊಸದೇನಲ್ಲ ಅನ್ನಿ. 1377ರಲ್ಲೇ, ಪ್ಲೇಗ್ ಕಾಲದಲ್ಲಿ, ರೋಗವಿರುವ ಊರುಗಳಿಂದ ಬಂದವರು ಪಕ್ಕದ ಮ್ರ್ಕಾನ್ ದ್ವೀಪದಲ್ಲೋ ತ್ಸಾವ್ಟಾಟ್‌ನಲ್ಲೋ ಒಂದು ತಿಂಗಳು ಕಳೆದ ಮೇಲೇ ಒಳಗೆ ಬರಬೇಕು ಅಂತ ಕಾನೂನು ಮಾಡಿದ್ದರು. ಕ್ವಾರಂಟೈನ್‌ನ ಮೊದಲ ಕಾನೂನುಗಳಲ್ಲಿ ಅದೊಂದು. ವ್ಯಾಪಾರ ಬಿಡಲಿಲ್ಲ, ವ್ಯಾಪಾರಿಯನ್ನು ಕಾಯಿಸಿದರು. 2019ರ ಒಪ್ಪಂದ ಅದರ ಮೊಮ್ಮಗನ ಹಾಗೆ ಕಾಣುತ್ತದೆ ನನಗೆ.

ಜತೆಗೆ ಬೀದಿಯನ್ನೂ ಸ್ವಚ್ಛ ಮಾಡಿದರು. ಸುವನೀರ್ ಮಾರುವ ತಳ್ಳುಗಾಡಿ, ಸ್ಟಾಲುಗಳನ್ನು 80% ಕಡಿಮೆ ಮಾಡಿದೆವು, ಹೋಟೆಲುಗಳು ಬೀದಿಯಲ್ಲಿ ಹಾಕುವ ಮೇಜು ಕುರ್ಚಿಗಳನ್ನು 30% ಇಳಿಸಿದೆವು ಅಂತ ಮೇಯರ್ ಹೇಳಿದ್ದಾರೆ. ಈ ಕೆಲಸ ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ಆದರೆ ಬೀದಿಯ ಮೇಜಿಗೆ ನಗರಸಭೆಗೆ ಬಾಡಿಗೆ ಬರುತ್ತದೆ, ಮೇಜು ಹಾಕಿದವನು ಓಟು ಹಾಕುವವನೂ ಹೌದು. ಎರಡನ್ನೂ ಕಳೆದುಕೊಳ್ಳುವ ಧೈರ್ಯ ಬೇಕು ಅಲ್ವಾ?

2023ರ ಸೂಟ್‌ಕೇಸ್ ಗಲಾಟೆ ನಿಮಗೆ ನೆನಪಿರಬಹುದು. ಚಕ್ರದ ಸೂಟ್‌ಕೇಸ್ ಎಳೆದರೆ ದಂಡ ಅಂತ ಪ್ರಪಂಚದ ಪತ್ರಿಕೆಗಳೆಲ್ಲ ಬರೆದವು. ಆಮೇಲೆ ಅಲ್ಲಿನವರು, ಅದು ನಿಷೇಧ ಅಲ್ಲ, ದಯವಿಟ್ಟು ಎತ್ತಿಕೊಂಡು ಹೋಗಿ ಅಂತ ಕೇಳಿಕೊಂಡದ್ದು ಅಷ್ಟೇ ಅಂತ ಸ್ಪಷ್ಟ ಮಾಡಿದರು. ಆದರೂ ಆ ಸದ್ದಿನ ಹಿಂದೆ ಒಂದು ನಿಜ ಇದೆ. ಕಿರಿದಾದ ಕಲ್ಲಿನ ಓಣಿ, ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ರಾತ್ರಿ ಎರಡು ಗಂಟೆಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಟಕ್ ಟಕ್ ಅಂತ ಇಳಿಯುವ ಪ್ಲಾಸ್ಟಿಕ್ ಚಕ್ರ. ಕ್ರೂಸ್ ಪ್ರಯಾಣಿಕ ಸೂಟ್‌ಕೇಸ್ ತರುವುದಿಲ್ಲ, ಅವನದು ಹಡಗಲ್ಲೇ ಇರುತ್ತದೆ. ಸೂಟ್‌ಕೇಸ್ ಎಳೆಯುವವನು ಓಣಿಯ ಯಾವುದೋ ಮನೆಯಲ್ಲಿ ರೂಮು ಹಿಡಿದವನು.

ನೀಲಿ ಫಲಕ

ಕ್ರೊಯೇಷಿಯಾದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಯ ಬಾಗಿಲ ಪಕ್ಕ ಒಂದು ನೀಲಿ ಫಲಕ ಇರುತ್ತದೆ. 'ಅಪಾರ್ಟ್‌ಮಾನ್' ಅಂತ ಬರೆದು, ಕೆಳಗೆ ಎರಡೋ ಮೂರೋ ನಕ್ಷತ್ರ. ಸ್ಟ್ರಾಡೂನ್‌ನ ಉತ್ತರಕ್ಕೆ ಹತ್ತುವ ಮೆಟ್ಟಿಲ ಓಣಿಗಳಲ್ಲಿ ಆ ನೀಲಿ ಫಲಕಗಳನ್ನೂ, ಬಾಗಿಲ ಪಕ್ಕ ನೇತಾಡುವ ನಂಬರ್ ಬೀಗದ ಕೀ ಡಬ್ಬಿಗಳನ್ನೂ ಎಣಿಸುತ್ತಾ ಹೋದರೆ, ಊರಿನ ಕಥೆ ಗೊತ್ತಾಗಲು ಬೇರೆ ವರದಿ ಬೇಡ.

1991ರಲ್ಲಿ ಹಳೇ ಊರಿನೊಳಗೆ ಸುಮಾರು 5,000 ಜನ ವಾಸವಿದ್ದರು. ಈಗ ಆ ಸಂಖ್ಯೆ ಸಾವಿರದೈನೂರರ ಆಚೀಚೆ. ಶೆಲ್ ಬಿದ್ದಾಗಲೂ ಇಷ್ಟು ಜನ ಶಾಶ್ವತವಾಗಿ ಬಿಟ್ಟು ಹೋಗಿರಲಿಲ್ಲ. ಯಾರೂ ಓಡಿಸಲಿಲ್ಲ, ಯಾರೂ ಮನೆ ಕೆಡವಲಿಲ್ಲ. ಒಬ್ಬೊಬ್ಬರಾಗಿ, ಅವರವರ ಲೆಕ್ಕ ಹಾಕಿಕೊಂಡು ಹೋದರು.

ಆ ಲೆಕ್ಕವನ್ನು ಅವರ ಕಡೆಯಿಂದಲೇ ನೋಡಬೇಕು. ಒಳಗೆ ಕಾರು ಬರುವುದಿಲ್ಲ. ಅಕ್ಕಿ, ಹಾಲು, ಗ್ಯಾಸು ಎಲ್ಲ ಮೆಟ್ಟಿಲ ಮೇಲೆ ಹೊತ್ತೇ ತರಬೇಕು. ವಯಸ್ಸಾದವರಿಗೆ ಮಂಡಿ ನೋವು. ಕಿಟಕಿಯ ಮರ ಬದಲಿಸಬೇಕೆಂದರೂ ಸಂರಕ್ಷಣಾ ಇಲಾಖೆಯ ಅನುಮತಿ, ಅವರು ಹೇಳಿದ ಮಾದರಿಯೇ ಆಗಬೇಕು, ಅದಕ್ಕೆ ಖರ್ಚು ಜಾಸ್ತಿ. ಇದ್ದ ದಿನಸಿ ಅಂಗಡಿ ಐಸ್‌ಕ್ರೀಮ್ ಅಂಗಡಿಯಾಗುತ್ತದೆ. ಗುಂಡುಲಿಚ್ ಚೌಕದ ಬೆಳಗಿನ ಸಂತೆಗೆ ಸುತ್ತಲಿನ ಹಳ್ಳಿಗಳವರು ಸೊಪ್ಪು ಹಣ್ಣು ತರುತ್ತಿದ್ದರು, ಬೇಸಿಗೆಯಲ್ಲಿ ಈಗ ಅಲ್ಲಿ ಲ್ಯಾವೆಂಡರ್ ಚೀಲ, ಸಕ್ಕರೆ ಹಾಕಿದ ಕಿತ್ತಳೆ ಸಿಪ್ಪೆಯದ್ದೇ ಜೋರು. ಇನ್ನೊಂದು ಕಡೆ, ಅದೇ ಮನೆಯನ್ನು ಬೇಸಿಗೆಗೆ ಬಾಡಿಗೆಗೆ ಕೊಟ್ಟರೆ, ಗೋಡೆ ಹೊರಗೆ ಲಾಪಾಡ್‌ನಲ್ಲಿ ಲಿಫ್ಟ್ ಇರುವ, ಕೆಳಗೆ ಕಾರು ನಿಲ್ಲುವ ಮನೆಯಲ್ಲಿ ವರ್ಷ ಪೂರ್ತಿ ಇರಬಹುದು. ತೆರಿಗೆಯೋ, ಹಾಸಿಗೆಗೆ ಇಷ್ಟು ಅಂತ ವರ್ಷಕ್ಕೊಂದು ಸಣ್ಣ ಮೊತ್ತ. ನೀವಾದರೂ ನಾನಾದರೂ ಏನು ಮಾಡುತ್ತಿದ್ದೆವು? ಅದಕ್ಕೇ 'ದುರಾಸೆ' ಅನ್ನುವ ಪದ ಬಳಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಇಲ್ಲಿ ಊರನ್ನು ಖಾಲಿ ಮಾಡಿದ್ದು ಹೊರಗಿನ ಕಂಪನಿಗಳಷ್ಟೇ ಅಲ್ಲ, ಅಜ್ಜಿ ಬಿಟ್ಟು ಹೋದ ಮನೆಯನ್ನು ಏನು ಮಾಡುವುದು ಅಂತ ಕೂತು ಯೋಚಿಸಿದ ಮೂವರು ಮೊಮ್ಮಕ್ಕಳೂ ಹೌದು. ಮಾರಿದರೆ ದುಡ್ಡು ಹಂಚಬೇಕು, ಒಬ್ಬರು ಇದ್ದರೆ ಇನ್ನಿಬ್ಬರಿಗೆ ಬೇಜಾರು, ಬಾಡಿಗೆಗೆ ಕೊಟ್ಟರೆ ಮೂವರಿಗೂ ಸಮಾಧಾನ.

ಹಡಗಿಗೂ ಮನೆಗೂ ಇರುವ ವ್ಯತ್ಯಾಸ ಇದೇ. ಹಡಗು ಬರುವುದು ಒಂದೇ ಬಂದರಿಗೆ. ಅದರ ವೇಳಾಪಟ್ಟಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂಚೆ ಗೊತ್ತಿರುತ್ತದೆ. ಮಾತಾಡಬೇಕಾದ ಕಂಪನಿಗಳು ಬೆರಳೆಣಿಕೆಯಷ್ಟು, ಅವರಲ್ಲಿ ಯಾರಿಗೂ ಡುಬ್ರೋವ್ನಿಕ್‌ನಲ್ಲಿ ಓಟಿಲ್ಲ. ಮನೆಗಳ ವಿಷಯದಲ್ಲಿ ಎಲ್ಲವೂ ತಿರುಗುಮುರುಗು. ಮಾಲೀಕರು ನೂರಾರು ಜನ, ಒಬ್ಬೊಬ್ಬರದು ಒಂದೊಂದು ಕಥೆ, ಓಟು ಅವರದೇ, ಕಾನೂನಿನ ಬಹುಪಾಲು ರಾಜಧಾನಿ ಜಾಗ್ರೆಬ್‌ನ ಕೈಯಲ್ಲಿ. ಮೇಯರ್ ಗಟ್ಟಿ ಮನುಷ್ಯ ಆಗಿದ್ದರೂ ಇಲ್ಲಿ ಟೈಮ್ ಟೇಬಲ್ ಮಾಡಲು ಆಗುವುದಿಲ್ಲ.

ಇದನ್ನು ಕೊರೊನಾ ಬಿಡಿಸಿ ತೋರಿಸಿತು. 2019ರಲ್ಲಿ ನಗರಕ್ಕೆ ಬಂದು ಉಳಿದವರೇ ಹದಿನಾಲ್ಕು ಲಕ್ಷಕ್ಕೂ ಜಾಸ್ತಿ. 2020ರ ವಸಂತದಲ್ಲಿ ಹಡಗಿಲ್ಲ, ವಿಮಾನವಿಲ್ಲ, ಸ್ಟ್ರಾಡೂನ್‌ನಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇಲ್ಲ. ಗುಂಪೇ ಕಾಯಿಲೆಯಾಗಿದ್ದರೆ ಆಗ ಊರು ಹುಷಾರಾಗಬೇಕಿತ್ತು. ಆಗಲಿಲ್ಲ. ಗುಂಪು ಹೋದ ಮೇಲೆ ಉಳಿದದ್ದು ಮುಚ್ಚಿದ ಹಸಿರು ಕಿಟಕಿಗಳು.

ಗುಡ್ಡ ಯಾರದು

ನಡುವೆ ಒಂದು ಅಡ್ಡ ಕಥೆ ಹೇಳಿಬಿಡುತ್ತೇನೆ, ಊರಿನವರು ಸುಮ್ಮನಿದ್ದರು ಅಂತ ಯಾರೂ ಅಂದುಕೊಳ್ಳಬಾರದು. ಹಳೇ ಊರಿನ ನೆತ್ತಿಯ ಮೇಲೆ ಸ್ರ್ಜ್ ಅನ್ನುವ ಬೋಳು ಗುಡ್ಡ ಇದೆ. 1991ರಲ್ಲಿ ಊರನ್ನು ಕಾಪಾಡಲು ನಿಂತವರು ಹಿಡಿದುಕೊಂಡಿದ್ದ ಜಾಗ. ಅದರ ಮೇಲೆ ಗಾಲ್ಫ್ ಮೈದಾನ, ವಿಲ್ಲಾ, ಹೋಟೆಲು ಕಟ್ಟುವ ದೊಡ್ಡ ಯೋಜನೆ ಬಂತು. 'ಸ್ರ್ಜ್ ನಮ್ಮದು' ಅಂತ ಊರಿನವರು ಎದ್ದರು, ಸಹಿ ಸಂಗ್ರಹಿಸಿ 2013ರ ಏಪ್ರಿಲ್‌ನಲ್ಲಿ ಜನಮತಗಣನೆ ನಡೆಯುವಂತೆ ಮಾಡಿದರು. ಓಟು ಹಾಕಿದವರಲ್ಲಿ 80%ಗಿಂತ ಜಾಸ್ತಿ ಜನ ಬೇಡ ಅಂದರು. ಆದರೆ ಓಟು ಹಾಕಲು ಬಂದವರೇ ಮೂರನೇ ಒಂದು ಭಾಗದಷ್ಟು, ಹಾಗಾಗಿ ಅದಕ್ಕೆ ಕಾನೂನಿನ ಬಲ ಸಿಗಲಿಲ್ಲ. ಆಮೇಲೆ ಕೋರ್ಟು, ಅಂತರರಾಷ್ಟ್ರೀಯ ಪಂಚಾಯಿತಿ ಅಂತ ವರ್ಷಗಟ್ಟಲೆ ಎಳೆಯಿತು. ಈ ಗಲಾಟೆಯಿಂದ ಆದ ಒಂದು ಲಾಭ ಅಂದರೆ, ಹಳೇ ಊರನ್ನು ಉಳಿಸುವುದೆಂದರೆ ಗೋಡೆಯ ಒಳಗನ್ನು ಮಾತ್ರ ಉಳಿಸುವುದಲ್ಲ, ಸುತ್ತಲಿನ ಗುಡ್ಡ ಮತ್ತು ಸಮುದ್ರದ ನೋಟವೂ ಅದರಲ್ಲಿ ಸೇರುತ್ತದೆ ಅನ್ನುವ ಮಾತಿಗೆ ತೂಕ ಬಂತು. 2018ರಲ್ಲಿ ಯುನೆಸ್ಕೊ ತಾಣದ ಸುತ್ತಲಿನ ರಕ್ಷಣಾ ವಲಯವನ್ನೂ ದೊಡ್ಡದು ಮಾಡಿದರು.

ತಡವಾಗಿ ಬಂದ ಮದ್ದು

2024ರ ಕೊನೆಗೆ ನಗರಸಭೆ ಹಳೇ ಊರಿನೊಳಗೆ ಪ್ರವಾಸಿಗರಿಗೆ ಬಾಡಿಗೆ ಕೊಡುವ ಹೊಸ ಪರವಾನಗಿಗಳನ್ನು ನಿಲ್ಲಿಸಿತು. ದೇಶದ ಮಟ್ಟದಲ್ಲೂ ಗಾಳಿ ಬದಲಾಗಿತ್ತು. 2025ರಿಂದ ಹೊಸ ಆಸ್ತಿ ತೆರಿಗೆ ಬಂತು. ಮಾಲೀಕರು ತಾವೇ ವಾಸ ಮಾಡುವ ಮನೆಗೂ, ವರ್ಷಪೂರ್ತಿ ಬಾಡಿಗೆಗೆ ಕೊಟ್ಟ ಮನೆಗೂ ಅದರಿಂದ ವಿನಾಯಿತಿ. ಬಹುಮಹಡಿ ಕಟ್ಟಡದಲ್ಲಿ ಹೊಸದಾಗಿ ಪ್ರವಾಸಿ ಬಾಡಿಗೆ ಶುರು ಮಾಡಬೇಕಾದರೆ ಉಳಿದ ಮಾಲೀಕರಲ್ಲಿ ಹೆಚ್ಚಿನವರ ಲಿಖಿತ ಒಪ್ಪಿಗೆ ಬೇಕು. ನಗರಸಭೆ ತಾನೇ ಗೋಡೆಯೊಳಗೆ ಕೆಲವು ಮನೆ ಕೊಂಡು, ಕಡಿಮೆ ಬಾಡಿಗೆಗೆ ಕುಟುಂಬಗಳಿಗೆ ಕೊಡಲು ಹೊರಟಿದೆ. ಶಾಲೆಗೆಂದು ಒಂದು ಹಳೇ ಕಟ್ಟಡವನ್ನೂ ತೆಗೆದುಕೊಂಡಿದೆ. 2025ರಲ್ಲಿ ಹಳೇ ಊರಿನ ಸುತ್ತ ವಾಹನಗಳಿಗೂ ಕಡಿವಾಣ ಬಂತು.

ಇವೆಲ್ಲ ಸರಿಯಾದ ದಿಕ್ಕಿನಲ್ಲೇ ಇವೆ. ಆದರೆ ಹೊಸ ಪರವಾನಗಿ ನಿಲ್ಲಿಸಿದರೆ ಹಳೇ ನೀಲಿ ಫಲಕ ಬಿಚ್ಚಿದಂತಾಗುವುದಿಲ್ಲ. ಇನ್ನೊಂದು ಉಪದ್ರವ, ಇರುವ ಫಲಕದ ಬೆಲೆಯೇ ಏರಬಹುದು, ಅಪರೂಪದ ವಸ್ತುವಿಗೆ ಆಗುವ ಹಾಗೆ. ಏಳು ವರ್ಷ ಮೊದಲು, ಕ್ಯಾಮೆರಾ ಹಾಕುವ ಹೊತ್ತಿಗೇ ಇದನ್ನೂ ಮಾಡಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಮಾಡಲಿಲ್ಲ, ಯಾಕೆಂದರೆ ಆಗ ಎಲ್ಲರ ಕಣ್ಣಿಗೆ ಕಂಡದ್ದು ಬೀದಿಯ ಗುಂಪು. ಗುಂಪು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಮುಚ್ಚಿದ ಕಿಟಕಿಯ ಫೋಟೋ ಯಾವ ಪತ್ರಿಕೆ ಹಾಕುತ್ತದೆ?

ಈ ವಾದಕ್ಕೆ ಎದುರು ನಿಲ್ಲುವ ಒಂದು ದಿನವೂ ಇದೆ, ಅದನ್ನು ಮುಚ್ಚಿಡಬಾರದು. ಫೆಬ್ರವರಿ 3, ಊರಿನ ಕಾವಲು ಸಂತ ವ್ಲಾಹೊನ ಹಬ್ಬ. 972ರಿಂದ ನಡೆದು ಬಂದದ್ದು ಅಂತ ಊರಿನವರ ನಂಬಿಕೆ, ಯುನೆಸ್ಕೊ 2009ರಲ್ಲಿ ಇದನ್ನೂ ಹಬ್ಬ, ಆಚರಣೆಗಳಂಥ ಪರಂಪರೆಗೆಂದೇ ಇರುವ ತನ್ನ ಇನ್ನೊಂದು ಪಟ್ಟಿಗೆ ಸೇರಿಸಿಕೊಂಡಿತು. ಚಳಿಗಾಲದ ಮಧ್ಯೆ, ಹಡಗುಗಳು ಅಪರೂಪವಾದ ಹೊತ್ತಿನಲ್ಲಿ, ಸುತ್ತಲ ಹಳ್ಳಿಗಳವರು ತಮ್ಮ ಬಾವುಟ ಹೊತ್ತು ಗೋಡೆಯೊಳಗೆ ಬರುತ್ತಾರೆ. ಭಾರದ ಬಾವುಟಗಳನ್ನು ಚರ್ಚಿನ ಮುಂದೆ ಬೀಸಿ ತಿರುಗಿಸುತ್ತಾರೆ. ಸಂತನ ಅವಶೇಷಗಳನ್ನು ಹೊತ್ತ ಮೆರವಣಿಗೆ ಸ್ಟ್ರಾಡೂನ್ ತುಂಬಿ ಹರಿಯುತ್ತದೆ. ಬಂದವರಲ್ಲಿ ಎಷ್ಟೋ ಜನ ಗೋಡೆ ಬಿಟ್ಟು ಲಾಪಾಡಿಗೋ ಗ್ರೂಜಿಗೋ ಹೋದವರು, ಅವರ ಮಕ್ಕಳು. ಹಾಗಿದ್ದರೆ ಒಳಗೆ ವಾಸ ಮಾಡದಿದ್ದರೇನಂತೆ, ಹಬ್ಬ ನಡೆಯುತ್ತಿದೆಯಲ್ಲ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ದಿನ ಅಜ್ಜಿಯ ಮನೆ ಯಾವುದು ಅಂತ ಬೆರಳು ಮಾಡಿ ತೋರಿಸುವವರು ಇನ್ನೂ ಇದ್ದಾರೆ. ಮುಂದಿನ ತಲೆಮಾರಿಗೆ ಆ ಮನೆ ಗೊತ್ತಿರುವುದು ನಕ್ಷತ್ರ ಹಚ್ಚಿದ ಬುಕಿಂಗ್ ಪುಟದಲ್ಲಿ.

ನಗರಸಭೆ ಕೊಂಡ ಮನೆಗಳು ಸದ್ಯಕ್ಕೆ ಬೆರಳಲ್ಲಿ ಎಣಿಸುವಷ್ಟೇ. ಅಲ್ಲಿಗೆ ಮಕ್ಕಳಿರುವ ಕುಟುಂಬಗಳು ಬಂದು, ಆ ಶಾಲೆಯೂ ಶುರುವಾದರೆ, ಬೆಳಿಗ್ಗೆ ಎಂಟಕ್ಕೆ ಮೊದಲ ಬಸ್ಸು ಪಿಲೆ ಬಾಗಿಲಿಗೆ ಬರುವ ಹೊತ್ತಿಗೆ ಬೆನ್ನಿಗೆ ಬ್ಯಾಗು ಹಾಕಿಕೊಂಡ ನಾಲ್ಕು ಹುಡುಗರೂ ಅದೇ ಸೇತುವೆ ದಾಟುತ್ತಾರೆ. ಮೇಲಿನ ಕ್ಯಾಮೆರಾ ಅವರನ್ನೂ ಪ್ರವಾಸಿಗರ ಜತೆಗೇ ಎಣಿಸಿಕೊಳ್ಳುತ್ತದೆ.